ಎಡಿಟಿಂಗ್ ಕ್ಯಾಶ್ ಫೈಲ್ ಒಳಗೆ ಉಳಿದ ದನಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಜನ ಕೇಳಿರೋದು ಒಂದೇ ವಿಷಯ, ಎಡಿಟಿಂಗ್ ಸಾಫ್ಟ್‌ವೇರ್ ತಾನೇ ತಾನಾಗಿ ಮಾಡಿಟ್ಕೊಳ್ಳೋ ಆಡಿಯೋ ಕ್ಯಾಶ್ ಫೈಲ್‌ಗಳು. ಕೆಲವರಿಗೆ ಅವನ್ನ ಅಳಿಸಿ ಜಾಗ ಮಾಡ್ಕೋಬೇಕು, ಕೆಲವರಿಗೆ ಅದರೊಳಗಿಂದ ಹೆಂಗಾದ್ರೂ ದನಿ ಹೊರಗೆ ತೆಗೀಬೇಕು. ಎರಡನೇ ಥರದ ಪತ್ರದಿಂದಲೇ ಶುರು ಮಾಡ್ತೀನಿ, ಅವರಿಗೆ ಅರ್ಜೆಂಟ್ ಇದೆ.

ಪ್ರಶ್ನೆ: ಸರ್, ನಮ್ಮ ಅಮ್ಮಮ್ಮನ ಹತ್ರ ಕೂತು ಮದುವೆ ಹಾಡು, ಆರತಿ ಹಾಡು, ಬೀಸೋಕಲ್ಲಿನ ಹಾಡು ಎಲ್ಲಾ ಸೇರಿ ಸುಮಾರು ನಲವತ್ತು ಹಾಡು ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿದ್ದೆ. ಕಾರ್ಡನ್ನ ಕಂಪ್ಯೂಟರಿಗೆ ಹಾಕಿ ಅದರಿಂದಲೇ ನೇರ ಪ್ರೀಮಿಯರ್ ಪ್ರೋ ಅನ್ನೋ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡಿ ಎಡಿಟ್ ಮಾಡ್ತಾ ಇದ್ದೆ, ಕಾಪಿ ಮಾಡಿಟ್ಕೊಂಡಿರ್ಲಿಲ್ಲ. ತಮ್ಮ ಗೊತ್ತಿಲ್ದೆ ಅದೇ ಕಾರ್ಡ್ ಫಾರ್ಮ್ಯಾಟ್ ಮಾಡಿ ಉಪನಯನ ಶೂಟ್ ಮಾಡಿಬಿಟ್ಟ. ಈಗ ಪ್ರಾಜೆಕ್ಟ್ ಓಪನ್ ಮಾಡಿದ್ರೆ ಎಲ್ಲಾ ಕ್ಲಿಪ್ಪೂ ಕೆಂಪು ಬಣ್ಣದಲ್ಲಿ ಮೀಡಿಯಾ ಆಫ್‌ಲೈನ್ ಅಂತ ಬರ್ತಿದೆ. ಅಮ್ಮಮ್ಮ ತೀರ್ಕೊಂಡು ಆರು ತಿಂಗಳಾಯ್ತು, ಇನ್ನೊಂದ್ಸಲ ಹಾಡ್ಸೋಕೆ ಆಗಲ್ಲ. ಹುಡುಕ್ತಾ ಹೋದಾಗ ಒಂದು ಫೋಲ್ಡರಲ್ಲಿ ಅದೇ ಕ್ಲಿಪ್ ಹೆಸರಿನ ಸಿಎಫ್‌ಎ ಮತ್ತು ಪಿಇಕೆ ಅನ್ನೋ ಫೈಲ್ಸ್ ಸಿಕ್ವು. ವಿಎಲ್‌ಸಿ ಪ್ಲೇಯರಲ್ಲಿ ಪ್ಲೇ ಆಗಲ್ಲ, ಎಂಪಿ3 ಅಂತ ರಿನೇಮ್ ಮಾಡಿ ನೋಡ್ದೆ, ಅದೂ ಆಗಲ್ಲ. ಒಂದು ಸಿಎಫ್‌ಎ 46 ಕೋಟಿ 8 ಲಕ್ಷ ಬೈಟ್ ಇದೆ, ಆ ಕ್ಲಿಪ್ ಇಪ್ಪತ್ತು ನಿಮಿಷದ್ದು ಅಂತ ನೆನಪು. ಏನಾದ್ರೂ ಆಸೆ ಇದ್ಯಾ?
(ಒಬ್ಬ ಓದುಗರು, ಶಿರಸಿ)

ಉತ್ತರ: ಇದೆ, ಚೆನ್ನಾಗೇ ಇದೆ. ನಿಮ್ಮ ಅಮ್ಮಮ್ಮನ ದನಿ ಆ ಸಿಎಫ್‌ಎ ಫೈಲಲ್ಲಿ ಹಾಗೇ ಕೂತಿದೆ. ಆದ್ರೆ ಮುಂದೆ ಓದೋಕೆ ಮುಂಚೆ ಒಂದು ಕೆಲಸ ಮಾಡಿ, ಆ ಫೋಲ್ಡರನ್ನ ಇಡಿಯಾಗಿ ಒಂದು ಪೆನ್‌ಡ್ರೈವಿಗೋ ಬೇರೆ ಹಾರ್ಡ್‌ಡಿಸ್ಕಿಗೋ ಕಾಪಿ ಮಾಡಿ, ಕಟ್ ಅಲ್ಲ, ಕಾಪಿ. ಅಲ್ಲಿವರೆಗೂ ಪ್ರೀಮಿಯರ್ ಓಪನ್ ಮಾಡೋದೇ ಬೇಡ, ಯಾಕಂದ್ರೆ ಹಳೇ ಕ್ಯಾಶ್ ತಾನಾಗೇ ಅಳಿಸೋ ಸೆಟ್ಟಿಂಗ್ ಅದರಲ್ಲಿ ಆನ್ ಆಗಿದ್ರೆ ಕಣ್ಮುಂದೆನೇ ಹೋಗ್ಬಿಡತ್ತೆ. ಕಾರ್ಡನ್ನೂ ತಮ್ಮನ ಕೈಯಿಂದ ಇಸ್ಕೊಂಡು ಪಕ್ಕಕ್ಕಿಡಿ, ಇನ್ನೊಂದು ಫೋಟೋ ಕೂಡ ಅದರಲ್ಲಿ ತೆಗೀಬೇಡಿ, ಅದರ ಬಗ್ಗೆ ಆಮೇಲೆ ಹೇಳ್ತೀನಿ.

ಈಗ ಈ ಎರಡು ಫೈಲ್ ಏನು ಅಂತ. ಎಷ್ಟೋ ಕ್ಯಾಮೆರಾ, ಮೊಬೈಲ್‌ಗಳು ಆಡಿಯೋವನ್ನ ಒತ್ತಿ ಕುಗ್ಗಿಸಿ ಸೇವ್ ಮಾಡ್ತವೆ. ಅದನ್ನ ಟೈಮ್‌ಲೈನಲ್ಲಿ ಹಿಂದೆ ಮುಂದೆ ಎಳೆದಾಗಲೆಲ್ಲ ಬಿಚ್ಚಿ ಬಿಚ್ಚಿ ಕೇಳಿಸೋದು ಕಂಪ್ಯೂಟರಿಗೆ ಕಷ್ಟ. ದೋಸೆ ಬೇಕು ಅಂದಾಗಲೆಲ್ಲ ಅಕ್ಕಿ ಉದ್ದು ನೆನೆಸಿ ರುಬ್ಬೋಕೆ ಕೂತ್ರೆ ಹೆಂಗೋ ಹಂಗೆ. ಅದಕ್ಕೆ ಪ್ರೀಮಿಯರ್ ಕ್ಲಿಪ್ ಇಂಪೋರ್ಟ್ ಮಾಡಿದ ತಕ್ಷಣ ಅದರ ಆಡಿಯೋನ ಒಂದೇ ಸಲ ಪೂರ್ತಿ ಬಿಚ್ಚಿ, ಹಿಟ್ಟು ರುಬ್ಬಿ ಪಾತ್ರೆಗೆ ತುಂಬಿಟ್ಟ ಹಾಗೆ, ಒಂದು ಫೈಲ್ ಮಾಡಿಟ್ಕೊಳ್ಳತ್ತೆ, ಅದೇ ಸಿಎಫ್‌ಎ. ಕನ್ಫಾರ್ಮ್ ಆದ ಆಡಿಯೋ ಅಂತ ಅದರ ಅರ್ಥ. ಒಳಗಿರೋದು 32 ಬಿಟ್ ಫ್ಲೋಟ್ ಅನ್ನೋ ರೂಪದಲ್ಲಿರೋ ಅಸಲಿ ದನಿ, ಯಾವ ಕಂಪ್ರೆಷನ್ನೂ ಇಲ್ಲ. ಪಿಇಕೆ ಅಂದ್ರೆ ಪೀಕ್ ಫೈಲ್, ಟೈಮ್‌ಲೈನಲ್ಲಿ ಹಸಿರು ಬಣ್ಣದಲ್ಲಿ ಅಲೆ ಅಲೆ ಕಾಣತ್ತಲ್ಲ, ಬರೀ ಆ ಚಿತ್ರ ಬರೆಯೋಕೆ ಬೇಕಾದ ಲೆಕ್ಕ. ಹೋಟೆಲ್ ಬೋರ್ಡಲ್ಲಿರೋ ದೋಸೆ ಚಿತ್ರದಿಂದ ಹೊಟ್ಟೆ ತುಂಬಲ್ಲ, ಪಿಇಕೆಯಿಂದ ಯಾವತ್ತೂ ದನಿ ಬರಲ್ಲ. ಹಾಗಾಗಿ ಪಿಇಕೆ ಬಿಡಿ, ಸಿಎಫ್‌ಎ ಹಿಡ್ಕೊಳಿ.

ಪ್ಲೇಯರಲ್ಲಿ ಯಾಕೆ ಪ್ಲೇ ಆಗಲ್ಲ ಅಂದ್ರೆ, ವೇವ್ ಅಥವಾ ಎಂಪಿ3 ಫೈಲಲ್ಲಿ ನಾನು ಇಂಥಾ ಫೈಲು, ಸೆಕೆಂಡಿಗೆ ಇಷ್ಟು ಸ್ಯಾಂಪಲ್ಲು (ಅಂದ್ರೆ ದನಿಯನ್ನ ಇಷ್ಟು ಸಲ ಅಳೆದಿದ್ದು), ಇಷ್ಟು ಚಾನೆಲ್ಲು ಅಂತ ಪ್ಲೇಯರಿಗೆ ಅರ್ಥ ಆಗೋ ವಿಳಾಸ ಬರೆದಿರತ್ತೆ. ಸಿಎಫ್‌ಎಯಲ್ಲಿ ಆ ಥರ ಎಲ್ರಿಗೂ ಓದೋಕೆ ಬರೋ ವಿಳಾಸ ಇಲ್ಲ. ಹೆಸರು ಬದಲಾಯಿಸಿದ್ರೆ ಒಳಗಿರೋದು ಬದಲಾಗಲ್ಲವಲ್ಲ. ಆ ವಿಳಾಸವನ್ನ ನಾವು ಕೈಯಾರೆ ಹೇಳ್ಬೇಕು, ಅಷ್ಟೇ ಕೆಲಸ.

ನೀವು ಬೈಟ್ ಲೆಕ್ಕ ಬರೆದಿದ್ದು ತುಂಬಾ ಒಳ್ಳೇದಾಯ್ತು. ವಿಡಿಯೋ ಎಡಿಟಿಂಗಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 48000 ಸ್ಯಾಂಪಲ್. ಒಂದೊಂದು ಸ್ಯಾಂಪಲ್ 32 ಬಿಟ್, ಅಂದ್ರೆ 4 ಬೈಟ್. ಸ್ಟೀರಿಯೋ ಅಂದ್ರೆ ಎರಡು ಚಾನೆಲ್. ಗುಣಿಸಿದ್ರೆ ಸೆಕೆಂಡಿಗೆ 3,84,000 ಬೈಟ್. ನಿಮ್ಮ 46 ಕೋಟಿ 8 ಲಕ್ಷವನ್ನ ಇದರಿಂದ ಭಾಗಿಸಿ, ಸರಿಯಾಗಿ 1200 ಸೆಕೆಂಡ್, ಅಂದ್ರೆ 20 ನಿಮಿಷ. ಮೊನೋ ಆಗಿದ್ರೆ ಇಷ್ಟೇ ಬೈಟಿಗೆ 40 ನಿಮಿಷ ಆಗ್ಬೇಕಿತ್ತು. ನಿಮ್ಗೆ ಇಪ್ಪತ್ತು ನಿಮಿಷ ಅಂತ ನೆನಪಿದೆ ಅಂದ್ಮೇಲೆ ಇದು 48000, ಸ್ಟೀರಿಯೋ, ಮತ್ತೆ ಮುಖ್ಯವಾಗಿ ಫೈಲ್ ಅರ್ಧಕ್ಕೆ ನಿಂತಿಲ್ಲ, ಪೂರ್ತಿ ಇದೆ. ಉಳಿದ ಫೈಲಿಗೂ ಹೀಗೇ ಲೆಕ್ಕ ಹಾಕಿ. ಹೆಸರನ್ನೂ ಒಂದ್ಸಲ ಗಮನಿಸಿ, ಕ್ಲಿಪ್ ಹೆಸರಿನ ಪಕ್ಕದಲ್ಲೇ 48000 ಅಂತಲೋ 44100 ಅಂತಲೋ ಇರತ್ತೆ, ಅದು ಸುಮ್ನೆ ಬರೆದ ನಂಬರ್ ಅಲ್ಲ, ಅದೇ ಸ್ಯಾಂಪಲ್ ರೇಟ್.

ಈಗ ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಹಾಕ್ಕೊಳಿ, ಫ್ರೀ. ಫೈಲ್ ಮೆನು, ಇಂಪೋರ್ಟ್, ಅದರಲ್ಲಿ ರಾ ಡೇಟಾ. ಕಾಪಿ ಮಾಡಿಟ್ಟ ಸಿಎಫ್‌ಎಯನ್ನ ಸೆಲೆಕ್ಟ್ ಮಾಡಿದ್ರೆ ಒಂದು ಚಿಕ್ಕ ಬಾಕ್ಸ್ ಬರತ್ತೆ. ಎನ್‌ಕೋಡಿಂಗ್ ಅನ್ನೋ ಕಡೆ 32 ಬಿಟ್ ಫ್ಲೋಟ್, ಬೈಟ್ ಆರ್ಡರ್ ಲಿಟಲ್ ಎಂಡಿಯನ್, ಚಾನೆಲ್ಸ್ 2, ಸ್ಟಾರ್ಟ್ ಆಫ್‌ಸೆಟ್ ಸೊನ್ನೆ, ಸ್ಯಾಂಪಲ್ ರೇಟ್ 48000. ಇಂಪೋರ್ಟ್ ಒತ್ತಿ. ಸ್ವಲ್ಪ ಹೊತ್ತಲ್ಲಿ ಅಲೆಗಳು ಕಾಣ್ತವೆ. ಹಾಡಿನ ಒಂದೊಂದು ಸಾಲು ಗುಡ್ಡದ ಥರ ಎದ್ದು, ಉಸಿರು ತಗೊಳ್ಳೋ ಕಡೆ ಸಣ್ಣಗಾಗಿ, ಮತ್ತೆ ಎದ್ದು ಕಂಡ್ರೆ ಗೆದ್ರಿ ಅಂತ. ಬದಲಿಗೆ ಮೇಲಿಂದ ಕೆಳಗಿನವರೆಗೆ ಗಟ್ಟಿ ನೀಲಿ ಪಟ್ಟಿ ಕಂಡ್ರೆ ಪ್ಲೇ ಮಾಡೋಕೆ ಹೋಗ್ಬೇಡಿ, ಅದು ಬರೀ ಗೊರ್ ಅನ್ನೋ ಗದ್ದಲ, ಹೆಡ್‌ಫೋನ್ ಹಾಕಿದ್ರೆ ಕಿವಿಗೆ ನೋವಾಗತ್ತೆ. ಮೊದಲ ಸಲ ಕೇಳುವಾಗ ವಾಲ್ಯೂಮ್ ಕಮ್ಮಿನೇ ಇಟ್ಕೊಳಿ.

ತಪ್ಪಾದ್ರೆ ತಪ್ಪೇ ದಾರಿ ಹೇಳತ್ತೆ. ಗದ್ದಲ ಬಂತಾ, ಬೈಟ್ ಆರ್ಡರ್ ಬದಲಾಯಿಸಿ ನೋಡಿ, ಆಗಲೂ ಬಂದ್ರೆ ಸ್ಟಾರ್ಟ್ ಆಫ್‌ಸೆಟ್ 1, 2, 3 ಅಂತ ಒಂದೊಂದೇ ಕೊಟ್ಟು ನೋಡಿ, ಯಾಕಂದ್ರೆ ಒಂದು ಸ್ಯಾಂಪಲ್ ನಾಲ್ಕು ಬೈಟಿನ ಗಂಟು, ಗಂಟಿನ ನಡುವಿಂದ ಓದೋಕೆ ಶುರು ಮಾಡಿದ್ರೆ ಕೊನೇ ತನಕ ಎಲ್ಲಾ ತಪ್ಪೇ. ಅಮ್ಮಮ್ಮನ ದನಿ ದಪ್ಪಗಾಗಿ ನಿಧಾನಕ್ಕೆ ಎಳೀತಾ ಬಂತು ಅಂದ್ರೆ ಸ್ಟೀರಿಯೋ ಫೈಲನ್ನ ಮೊನೋ ಅಂತ ಓದಿಸಿದೀರ. ಚಿಕ್ಕ ಮಕ್ಕಳ ಥರ ಕೀಚಲಾಗಿ ಡಬಲ್ ಸ್ಪೀಡಲ್ಲಿ ಓಡ್ತಾ ಇದೆ ಅಂದ್ರೆ ಮೊನೋ ಫೈಲನ್ನ ಸ್ಟೀರಿಯೋ ಅಂದಿದೀರ. ಶುರುವಲ್ಲಿ ಮಾತ್ರ ಟಕ್ ಅಂತ ಒಂದು ಸದ್ದು ಬಂದು ಆಮೇಲೆ ಸರಿ ಇದ್ರೆ ಏನೂ ಚಿಂತೆ ಇಲ್ಲ, ಆ ಒಂದು ಚೂರು ಸೆಲೆಕ್ಟ್ ಮಾಡಿ ಡಿಲೀಟ್ ಮಾಡಿ.

ಇನ್ನೊಂದು ವಿಷಯ ಕೇಳಿ, ನಿಮ್ಗೆ ಸಂತೋಷ ಆಗ್ಬೋದು. ಸಿಎಫ್‌ಎಯಲ್ಲಿರೋದು ನೀವು ಎಡಿಟ್ ಮಾಡಿದ ತುಂಡಲ್ಲ, ಮೂಲ ಕ್ಲಿಪ್ಪಿನ ಪೂರ್ತಿ ದನಿ. ಟೈಮ್‌ಲೈನಲ್ಲಿ ಕತ್ತರಿಸಿ ಎಸೆದಿದ್ದೆಲ್ಲ ಇದರಲ್ಲಿ ಇದೆ. ಹಾಡು ಶುರು ಮಾಡೋಕೆ ಮುಂಚೆ ಗಂಟಲು ಸರಿ ಮಾಡ್ಕೊಂಡಿದ್ದು, ನಡುವೆ ಸಾಲು ಮರೆತು ಹೋಗಿ ನಿಂತಿದ್ದು, ಒಳಗಿಂದ ಯಾರೋ ಊಟಕ್ಕೆ ಕರೆದಿದ್ದು. ನನ್ನ ದೊಡ್ಡಪ್ಪನ ದನಿ ನಂಗೆ ಸಿಕ್ಕಿದ್ದೂ ಇಂಥಾ ಒಂದು ಫೈಲಲ್ಲೇ. ತೋಟದ ನೀರಿನ ಬಗ್ಗೆ ಅವರು ಮಾತಾಡಿದ್ದನ್ನ ಎರಡು ನಿಮಿಷಕ್ಕೆ ಕಟ್ ಮಾಡಿದ್ದೆ, ವಾಪಸ್ ತೆಗೆದಾಗ ಹದಿನೇಳು ನಿಮಿಷ ಸಿಕ್ತು, ಅದರಲ್ಲಿ ಕೊನೇ ನಾಲ್ಕು ನಿಮಿಷ ಅವರು ಸುಮ್ನೆ ಕವಳ ಹಾಕ್ತಾ ಕೂತಿದ್ದಾರೆ, ಅಡಕತ್ತರಿಯ ಸದ್ದು, ದೂರದಲ್ಲಿ ಪಂಪ್‌ಸೆಟ್. ನಾನು ಈಗ ಜಾಸ್ತಿ ಕೇಳೋದು ಆ ನಾಲ್ಕು ನಿಮಿಷನೇ. ಹಾಗಾಗಿ ಹಾಡು ಮಾತ್ರ ಇಟ್ಕೊಂಡು ಉಳಿದಿದ್ದು ಕಟ್ ಮಾಡ್ಬೇಡಿ, ಇಡೀ ಕ್ಲಿಪ್ಪು ಹಾಗೇ ಎಕ್ಸ್‌ಪೋರ್ಟ್ ಮಾಡಿ.

ಎಕ್ಸ್‌ಪೋರ್ಟ್ ಮಾಡುವಾಗ ಮನೇಲಿ ಇಡೋ ಕಾಪಿ ವೇವ್ ಇರಲಿ, 24 ಬಿಟ್ ಸಾಕು. ಜಾಗ ಕಮ್ಮಿ ಆಗ್ಬೇಕು ಅಂದ್ರೆ ಫ್ಲಾಕ್ ಮಾಡಿ, ಅದು ಕುಗ್ಗಿಸಿದ್ರೂ ಏನೂ ಕಳ್ಕೊಳ್ಳಲ್ಲ. ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳ್ಸೋಕೆ ಮಾತ್ರ ಬೇರೆ ಎಂಪಿ3 ಮಾಡ್ಕೊಳಿ. ಕಾರ್ಡಿನ ವಿಷಯಕ್ಕೆ ಬಂದ್ರೆ, ದನಿ ಸಿಕ್ತು, ಚಿತ್ರ ಸಿಎಫ್‌ಎಯಲ್ಲಿ ಇರಲ್ಲ. ಫಾರ್ಮ್ಯಾಟ್ ಮಾಡಿದ ಕಾರ್ಡಿಂದ ಫೈಲ್ ಹುಡುಕೋಕೆ ಫೋಟೋರೆಕ್ ಅನ್ನೋ ಫ್ರೀ ಟೂಲ್ ಇದೆ, ಹೆಸರು ಫೋಟೋ ಅಂತಿದ್ರೂ ವಿಡಿಯೋನೂ ಹುಡುಕತ್ತೆ. ಉಪನಯನದ ವಿಡಿಯೋ ಕೂತಿರೋ ಜಾಗದಲ್ಲಿದ್ದಿದ್ದು ಹೋಯ್ತು, ಅದರ ಆಚೆ ಉಳಿದ ಜಾಗದಲ್ಲಿದ್ದ ಕ್ಲಿಪ್ ಬರೋ ಸಾಧ್ಯತೆ ಇದೆ. ಸಿಕ್ಕಿದ್ದನ್ನ ಅದೇ ಕಾರ್ಡಿಗೆ ಮಾತ್ರ ಸೇವ್ ಮಾಡ್ಬೇಡಿ, ಬೇರೆ ಡಿಸ್ಕಿಗೆ ಮಾಡಿ.

ಪ್ರಶ್ನೆ: ನಾನೂ ಸಿಎಫ್‌ಎ ಫೈಲನ್ನ ಆಡಾಸಿಟಿಯಲ್ಲಿ ತೆಗೆದೆ, ದನಿ ಸ್ಪಷ್ಟವಾಗೇ ಬಂತು. ನಮ್ಮೂರ ಯಕ್ಷಗಾನದ್ದು. ಆದ್ರೆ ಭಾಗವತರು ಕಪ್ಪು ಎರಡರಲ್ಲಿ ಹಾಡಿದ್ದು ಅಂತ ನಂಗೆ ಗ್ಯಾರಂಟಿ ಗೊತ್ತು, ಈಗ ಹಾರ್ಮೋನಿಯಂ ಇಟ್ಟು ನೋಡಿದ್ರೆ ಯಾವ ಮನೆಗೂ ಸೇರ್ತಾ ಇಲ್ಲ, ಚಂಡೆನೂ ಸ್ವಲ್ಪ ಗಡಿಬಿಡಿ ಅನ್ಸತ್ತೆ. 45 ನಿಮಿಷದ ಪ್ರಸಂಗದ ಭಾಗ 41 ನಿಮಿಷ ಚಿಲ್ಲರೆ ತೋರಿಸ್ತಿದೆ. ಪಿಚ್ ಬದಲಾಯಿಸೋ ಎಫೆಕ್ಟ್ ಹಾಕ್ಲಾ?
(ಒಬ್ಬ ಓದುಗರು, ಹೊನ್ನಾವರ)

ಉತ್ತರ: ಬೇಡವೇ ಬೇಡ. ನಿಮ್ಮ ಕಿವಿ ಸರಿಯಾಗೇ ಹಿಡಿದಿದೆ. ಆ ಫೈಲ್ 44100ದ್ದು, ನೀವು 48000 ಅಂತ ಓದಿಸಿದೀರ, ಹೆಸರಲ್ಲಿ ನೋಡಿ 44100 ಅಂತಲೇ ಇರ್ಬೇಕು. 45 ನಿಮಿಷವನ್ನ 44100ರಿಂದ ಗುಣಿಸಿ 48000ದಿಂದ ಭಾಗಿಸಿದ್ರೆ 41 ನಿಮಿಷ 20 ಸೆಕೆಂಡ್ ಬರತ್ತೆ, ನಿಮ್ಮ 41 ಚಿಲ್ಲರೆಗೆ ತಾಳೆ ಆಗತ್ತೆ. ವೇಗ ನೂರಕ್ಕೆ ಒಂಬತ್ತರ ಹತ್ತಿರ ಜಾಸ್ತಿ ಆಗಿದೆ, ಅದಕ್ಕೇ ಚಂಡೆ ಗಡಿಬಿಡಿ. ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಸುಮಾರು ಒಂದೂವರೆ ಕೀ ಮೇಲೆ ಹೋಗತ್ತೆ. ಕಪ್ಪು ಎರಡರಿಂದ ಒಂದು ಕೀ ಹೋದ್ರೆ ಬಿಳಿ ಮೂರು, ಎರಡು ಹೋದ್ರೆ ಬಿಳಿ ನಾಲ್ಕು, ನಿಮ್ಮ ಭಾಗವತರು ಇವೆರಡರ ನಡುವೆ ಸಿಕ್ಕಾಕ್ಕೊಂಡಿದಾರೆ, ಅದಕ್ಕೇ ಯಾವ ಮನೆಗೂ ಸೇರ್ತಿಲ್ಲ.

ಪಿಚ್ ಎಫೆಕ್ಟ್ ಹಾಕಿದ್ರೆ ಸಾಫ್ಟ್‌ವೇರ್ ದನಿಯನ್ನ ಹಿಂಜಿ ಮತ್ತೆ ಕಟ್ಟತ್ತೆ, ಮದ್ದಳೆಯ ಪೆಟ್ಟಿನ ಮೊನೆ ಮಂಡಾಗತ್ತೆ, ವೇಗವೂ ಸರಿ ಹೋಗಲ್ಲ. ಟ್ರ್ಯಾಕಿನ ಹೆಸರಿನ ಪಕ್ಕದ ಬಾಣ ಒತ್ತಿ, ರೇಟ್ ಅಂತ ಇದೆ, ಅದನ್ನ 44100 ಮಾಡಿ. ದನಿಯ ಒಂದು ಬೈಟೂ ಬದಲಾಗಲ್ಲ, ಓದೋ ವೇಗ ಮಾತ್ರ ಸರಿ ಆಗತ್ತೆ. ಟ್ರ್ಯಾಕ್ಸ್ ಮೆನುವಿನಲ್ಲಿರೋ ರೀಸ್ಯಾಂಪಲ್ ಬೇರೆ, ಅದನ್ನ ಮುಟ್ಬೇಡಿ, ಅದು ತಪ್ಪು ವೇಗವನ್ನೇ ಹಾಗೇ ಗಟ್ಟಿ ಮಾಡಿಬಿಡತ್ತೆ.

ನೀವು ರಾತ್ರಿಯಿಡೀ ಆಟದ ರೆಕಾರ್ಡಿಂಗೂ ಇದೆ ಅಂತ ಕೊನೇಲಿ ಬರೆದಿದೀರ. ಹುಷಾರು, ಮಾಮೂಲಿ ವೇವ್ ಫೈಲಿಗೆ 4 ಜಿಬಿ ಗಡಿ ಇದೆ. 48000, ಸ್ಟೀರಿಯೋ, 32 ಬಿಟ್ ಆದ್ರೆ ಮೂರು ಗಂಟೆ ಆರು ನಿಮಿಷಕ್ಕೆ ಆ ಗಡಿ ಮುಟ್ಟತ್ತೆ. ಪೀಠಿಕೆ ಸ್ತ್ರೀವೇಷ ಒಂದು ಫೈಲು, ಪ್ರಸಂಗ ಎರಡು ಮೂರು ಫೈಲು ಅಂತ ಭಾಗ ಮಾಡಿ ಎಕ್ಸ್‌ಪೋರ್ಟ್ ಮಾಡಿ, ಕೇಳೋಕೂ ಸುಲಭ.

ಪ್ರಶ್ನೆ: ಮದುವೆ ವಿಡಿಯೋ ಮಾಡ್ತೀನಿ ಸರ್. ಸೀಸನ್ ಮುಗಿಯೋ ಹೊತ್ತಿಗೆ ಸಿ ಡ್ರೈವ್ ಕೆಂಪಾಗತ್ತೆ. ನೋಡಿದ್ರೆ ಮೀಡಿಯಾ ಕ್ಯಾಶ್ ಫೈಲ್ಸ್ ಅನ್ನೋ ಫೋಲ್ಡರ್ ಒಂದೇ 90 ಜಿಬಿ. ಡಿಲೀಟ್ ಮಾಡಿದ್ರೆ ಪ್ರಾಜೆಕ್ಟ್ ಹಾಳಾಗತ್ತಾ? ಫ್ರೆಂಡ್ ಒಬ್ರು ಮುಟ್ಬೇಡ ಅಂತಾರೆ.
(ಒಬ್ಬ ವಿಡಿಯೋಗ್ರಾಫರ್, ದಾವಣಗೆರೆ)

ಉತ್ತರ: ಮೂಲ ಕ್ಲಿಪ್ಪುಗಳು ನಿಮ್ಮ ಹಾರ್ಡ್‌ಡಿಸ್ಕಲ್ಲಿ ಭದ್ರವಾಗಿದ್ರೆ ಧಾರಾಳವಾಗಿ ಅಳಿಸಿ. ಪ್ರಾಜೆಕ್ಟ್ ಫೈಲಿಗೂ ಎಡಿಟಿಗೂ ಏನೂ ಆಗಲ್ಲ, ಆ ಪ್ರಾಜೆಕ್ಟ್ ಮತ್ತೆ ಓಪನ್ ಮಾಡಿದಾಗ ಕ್ಯಾಶ್ ಹೊಸದಾಗಿ ತಯಾರಾಗೋ ತನಕ ಕೆಳಗಡೆ ಒಂದು ಪಟ್ಟಿ ಓಡ್ತಾ ಇರತ್ತೆ, ಅಷ್ಟು ಹೊತ್ತು ಅಲೆಚಿತ್ರ ಕಾಣ್ದೆ ಇರ್ಬೋದು, ಆಡಿಯೋ ತಡವರಿಸ್ಬೋದು. 90 ಜಿಬಿ ಅಂದ್ರೆ ಗಾಬರಿ ಆಗೋ ವಿಷಯ ಅಲ್ಲ, ಸ್ಟೀರಿಯೋ ಆಡಿಯೋ ಗಂಟೆಗೆ 1.38 ಜಿಬಿ ತಿನ್ನತ್ತೆ, ಮೂರು ಕ್ಯಾಮೆರಾ ಇಟ್ಟು ರಿಸೆಪ್ಷನ್ನು ಮುಹೂರ್ತ ಎಲ್ಲಾ ಶೂಟ್ ಮಾಡಿದ್ರೆ ಒಂದೊಂದು ಮದುವೆಗೆ ಇಪ್ಪತ್ತು ಗಂಟೆ ಫೂಟೇಜ್ ಸಲೀಸಾಗಿ ಆಗತ್ತಲ್ಲ, ಮೂರು ನಾಲ್ಕು ಮದುವೆಗೆ ಲೆಕ್ಕ ಮುಟ್ಟಿತು.

ಆದ್ರೆ ಫೋಲ್ಡರಿಗೆ ಹೋಗಿ ಕೈಯಲ್ಲಿ ಒಂದೊಂದೇ ಅಳಿಸ್ಬೇಡಿ. ಪ್ರೀಮಿಯರ್ ಪ್ರಿಫರೆನ್ಸಸ್ ಒಳಗೆ ಮೀಡಿಯಾ ಕ್ಯಾಶ್ ಅಂತ ಇದೆ, ಅಲ್ಲಿ ಡಿಲೀಟ್ ಬಟನ್ ಒತ್ತಿ. ಅಲ್ಲೇ ಬ್ರೌಸ್ ಒತ್ತಿ ಕ್ಯಾಶ್ ಫೋಲ್ಡರನ್ನ ಸಿ ಡ್ರೈವಿಂದ ಬೇರೆ ಎಸ್‌ಎಸ್‌ಡಿಗೆ ಹಾಕ್ಕೊಳಿ, ಇಷ್ಟು ದಿನಕ್ಕಿಂತ ಹಳೇದು ತಾನಾಗೇ ಅಳಿಸು ಅನ್ನೋ ಆಯ್ಕೆನೂ ಅಲ್ಲೇ ಇದೆ. ಆಫ್ಟರ್ ಎಫೆಕ್ಟ್ಸ್ ಥರದ ಅಡೋಬ್‌ನ ಬೇರೆ ಸಾಫ್ಟ್‌ವೇರೂ ಇದೇ ಕ್ಯಾಶ್ ಹಂಚ್ಕೊಳ್ಳತ್ತೆ, ಹಾಗಾಗಿ ಅಳಿಸುವಾಗ ಅವೆಲ್ಲ ಕ್ಲೋಸ್ ಇರಲಿ.

ನಿಮ್ಮ ಫ್ರೆಂಡ್ ಹೇಳಿದ್ರಲ್ಲೂ ಒಂದು ನಿಜ ಇದೆ. ಪ್ರಾಜೆಕ್ಟ್ ಫೈಲ್ ಇರೋ ಜಾಗದಲ್ಲಿ ಕ್ಯಾಪ್ಚರ್ಡ್ ಆಡಿಯೋ ಅಂತ ಒಂದು ಫೋಲ್ಡರ್ ಇದ್ರೆ ಅದನ್ನ ಕ್ಯಾಶ್ ಅಂತ ತಿಳ್ಕೊಂಡು ಅಳಿಸ್ಬೇಡಿ. ಟೈಮ್‌ಲೈನಲ್ಲೇ ಮೈಕ್ ಹಿಡಿದು ವಾಯ್ಸ್‌ಓವರ್ ಕೊಟ್ಟಿದ್ರೆ ಆ ದನಿ ವೇವ್ ಆಗಿ ಅಲ್ಲೇ ಇರತ್ತೆ, ಅದಕ್ಕೆ ಬೇರೆ ಮೂಲ ಇಲ್ಲ. ಅದೇ ಥರ ಅಡೋಬ್‌ನ ಆಡಿಷನ್ ಅನ್ನೋ ಆಡಿಯೋ ಸಾಫ್ಟ್‌ವೇರಿಗೆ ಕಳ್ಸಿ ನಾಯ್ಸ್ ತೆಗೆದ ಕ್ಲಿಪ್ ಇದ್ರೆ ಎಕ್ಸ್‌ಟ್ರಾಕ್ಟೆಡ್ ಅಂತ ಹೆಸರಿರೋ ವೇವ್ ಫೈಲ್ ಇರತ್ತೆ, ಅದು ಹೋದ್ರೆ ನೀವು ಕೂತು ಮಾಡಿದ ಕೆಲಸ ಹೋಯ್ತು. ಮದುಮಗಳ ಅಜ್ಜ ಆಶೀರ್ವಾದ ಮಾಡಿದ ಮಾತು ಒಂದೇ ಸಲ ಸಿಗೋದು, ಅಳಿಸೋಕೆ ಮುಂಚೆ ಒಂದು ನಿಮಿಷ ಪ್ರಾಜೆಕ್ಟ್ ಓಪನ್ ಮಾಡಿ ಯಾವ ಕ್ಲಿಪ್ಪೂ ಆಫ್‌ಲೈನ್ ಇಲ್ಲ ಅಂತ ನೋಡ್ಕೊಳಿ. ಶಿರಸಿಯ ಓದುಗರ ಪತ್ರ ಮೇಲಿದೆಯಲ್ಲ, ಅವರು ಅಕಸ್ಮಾತ್ ಜಾಗ ಇಲ್ಲ ಅಂತ ಕ್ಯಾಶ್ ಕ್ಲೀನ್ ಮಾಡಿದ್ರೆ ಇವತ್ತು ನಾನು ಬರೆಯೋಕೆ ಏನೂ ಇರ್ತಿರ್ಲಿಲ್ಲ.

ಪ್ರಶ್ನೆ: ನಾನು ವೀಣೆ ಕಲಿಸ್ತೀನಿ. ಹಳೇ ಲ್ಯಾಪ್‌ಟಾಪಲ್ಲಿ ಆಡಾಸಿಟಿಯಲ್ಲಿ ನಮ್ಮ ಗುರುಗಳ ಪಾಠ ರೆಕಾರ್ಡ್ ಮಾಡಿದ್ದೆ. ಪ್ರಾಜೆಕ್ಟ್ ಫೈಲ್ ಎಲ್ಲೋ ಹೋಗಿದೆ, ಡೇಟಾ ಅಂತ ಕೊನೆಯಾಗೋ ಫೋಲ್ಡರ್ ಮಾತ್ರ ಇದೆ. ಅದರೊಳಗೆ ಮತ್ತೆ ಫೋಲ್ಡರ್, ಅದರೊಳಗೆ ನಾಲ್ಕುನೂರ ಚಿಲ್ಲರೆ ಎಯು ಫೈಲ್ಸ್, ಎಲ್ಲಾ ಒಂದೊಂದು ಎಂಬಿ. ಪ್ಲೇ ಮಾಡಿದ್ರೆ ಐದಾರು ಸೆಕೆಂಡ್ ವೀಣೆ ಕೇಳಿ ನಿಂತು ಹೋಗತ್ತೆ. ಜೋಡಿಸೋಕೆ ಆಗತ್ತಾ?
(ಒಬ್ಬ ಓದುಗರು, ಮೈಸೂರು)

ಉತ್ತರ: ಆಗತ್ತೆ ಮೇಡಂ, ತಾಳ್ಮೆ ಬೇಕು ಅಷ್ಟೇ, ವೀಣೆ ಕಲಿಸೋರಿಗೆ ಅದನ್ನ ನಾನು ಹೇಳ್ಬೇಕಾಗಿಲ್ಲ. ಆಡಾಸಿಟಿ 2021ರಲ್ಲಿ 3.0 ಬರೋ ತನಕ ರೆಕಾರ್ಡಿಂಗನ್ನ ಒಂದೇ ಫೈಲಾಗಿ ಇಡ್ತಾ ಇರ್ಲಿಲ್ಲ. ಒಂದೊಂದು ಎಂಬಿಯ ತುಂಡು ಮಾಡಿ ಇಡ್ತಿತ್ತು. ಒಂದು ತುಂಡಲ್ಲಿ 2,62,144 ಸ್ಯಾಂಪಲ್, 44100ರ ಲೆಕ್ಕದಲ್ಲಿ ಆರು ಸೆಕೆಂಡಿಗೆ ಸ್ವಲ್ಪ ಕಮ್ಮಿ. ಯಾವ ತುಂಡಾದ್ಮೇಲೆ ಯಾವ ತುಂಡು ಅಂತ ಬರೆದಿಡೋ ದಾರದ ಕೆಲಸ ಮಾಡೋದು ಎಯುಪಿ ಅನ್ನೋ ಚಿಕ್ಕ ಪ್ರಾಜೆಕ್ಟ್ ಫೈಲ್. ನಿಮ್ಮ ದಾರ ಹೋಗಿದೆ, ಮಣಿ ಎಲ್ಲಾ ಇದೆ.

ಮೊದಲು ದಾರನೇ ಹುಡುಕಿ. ಲ್ಯಾಪ್‌ಟಾಪ್ ಪೂರ್ತಿ ಎಯುಪಿ ಅಂತ ಸರ್ಚ್ ಮಾಡಿ, ಆಡಾಸಿಟಿಯ ಸೆಟ್ಟಿಂಗ್ ಫೋಲ್ಡರಲ್ಲಿ ಆಟೋಸೇವ್ ಅಂತ ಇನ್ನೊಂದು ಫೋಲ್ಡರ್ ಇರತ್ತೆ, ಅದನ್ನೂ ನೋಡಿ. ಸಿಕ್ಕಿದ್ರೆ ಡೇಟಾ ಫೋಲ್ಡರ್ ಪಕ್ಕದಲ್ಲೇ ಇಟ್ಟು ಹೊಸ ಆಡಾಸಿಟಿಯಲ್ಲಿ ಓಪನ್ ಮಾಡಿ, ಅದೇ ಹೊಸ ರೂಪಕ್ಕೆ ಬದಲಾಯಿಸ್ಕೊಳ್ಳತ್ತೆ, ಅರ್ಧ ಗಂಟೆ ಕೆಲಸ ಎರಡು ನಿಮಿಷಕ್ಕೆ ಮುಗೀತು.

ಸಿಗ್ಲಿಲ್ಲ ಅಂದ್ರೆ, ಎಲ್ಲಾ ಎಯು ಫೈಲನ್ನ ಬೇರೆ ಕಡೆ ಕಾಪಿ ಮಾಡಿ, ಮಾಡುವಾಗ ಮಾಡಿಫೈಡ್ ಟೈಮ್ ಹಾಗೇ ಉಳೀತಾ ಅಂತ ಒಂದೆರಡು ಫೈಲ್ ಚೆಕ್ ಮಾಡಿ. ಈ ಟೈಮೇ ಈಗ ನಿಮ್ಮ ದಾರ. ಫೈಲ್ ಹೆಸರು ನಂಬ್ಬೇಡಿ, ಅದು ಅಕ್ಷರ ಅಂಕಿ ಸೇರಿಸಿ ಕೊಟ್ಟಿದ್ದು, ಸಾಲಾಗಿ ಇರಲ್ಲ. ಟೈಮ್ ಪ್ರಕಾರ ಸಾರ್ಟ್ ಮಾಡಿದ್ರೆ ರೆಕಾರ್ಡ್ ಆದ ಸಾಲಲ್ಲಿ ಬರ್ತವೆ, ಆರು ಸೆಕೆಂಡಿಗೊಂದು. ಒಂದೇ ಟೈಮಿಗೆ ಎರಡೆರಡು ಫೈಲ್ ಜೋಡಿಯಾಗಿ ಕಂಡ್ರೆ ನಿಮ್ಮ ರೆಕಾರ್ಡಿಂಗ್ ಸ್ಟೀರಿಯೋ, ಒಂದು ಎಡ, ಒಂದು ಬಲ, ಬೇರೆ ಬೇರೆ ಮಾಡಿ. ಪಾಠದ ರೆಕಾರ್ಡಿಂಗ್ ತಾನೆ, ಎರಡೂ ಕಡೆ ಹೆಚ್ಚು ಕಮ್ಮಿ ಒಂದೇ ದನಿ ಇರತ್ತೆ, ಎಡ ಒಂದನ್ನೇ ಜೋಡಿಸಿದ್ರೂ ನಡೆಯತ್ತೆ. ನಾಲ್ಕುನೂರ ಐವತ್ತು ತುಂಡು ಅಂದ್ರೆ ಮೊನೋದಲ್ಲಿ ಮುಕ್ಕಾಲು ಗಂಟೆ ಪಾಠ.

ಸಾರ್ಟ್ ಮಾಡಿದ ಸಾಲಲ್ಲೇ ಫೈಲಿಗೆ 001, 002 ಅಂತ ಹೆಸರಿಟ್ಕೊಳಿ. ಆಮೇಲೆ ಇಪ್ಪತ್ತು ಮೂವತ್ತು ಫೈಲ್ ಒಟ್ಟಿಗೆ ಆಡಾಸಿಟಿಗೆ ಇಂಪೋರ್ಟ್ ಮಾಡಿ, ಒಂದರ ಕೆಳಗೊಂದು ಟ್ರ್ಯಾಕ್ ಬರತ್ತೆ. ಎಲ್ಲಾ ಸೆಲೆಕ್ಟ್ ಮಾಡಿ ಟ್ರ್ಯಾಕ್ಸ್ ಮೆನು, ಅಲೈನ್ ಟ್ರ್ಯಾಕ್ಸ್, ಅದರಲ್ಲಿ ಅಲೈನ್ ಎಂಡ್ ಟು ಎಂಡ್. ಒಂದರ ಬಾಲಕ್ಕೆ ಇನ್ನೊಂದರ ತಲೆ ಕೂತ್ಕೊಳ್ಳತ್ತೆ. ಮಿಕ್ಸ್ ಅಂಡ್ ರೆಂಡರ್ ಮಾಡಿ ವೇವ್ ಸೇವ್ ಮಾಡಿ. ಸೇರಿಸಿದ ಕಡೆ ಕೇಳಿ ನೋಡಿ, ವೀಣೆಯ ತಂತಿ ಮೀಟಿದ ನಾದ ಒಂದು ತುಂಡಿಂದ ಇನ್ನೊಂದಕ್ಕೆ ಕಡೀದೆ ಹರಿದ್ರೆ ಸಾಲು ಸರಿ, ನಡುವೆ ಚಿಟ್ ಅಂತ ಜಿಗಿದ್ರೆ ಆ ಜಾಗದಲ್ಲಿ ಫೈಲ್ ಹಿಂದು ಮುಂದಾಗಿದೆ. ಯಾವ ಸ್ವರದಿಂದ ಯಾವ ಸ್ವರಕ್ಕೆ ಹೋಗ್ಬೇಕು ಅಂತ ಗೊತ್ತಿರೋ ನಿಮ್ಮಂಥವರಿಗೆ ಈ ಕೆಲಸ ಬೇರೆ ಯಾವ ಟೆಕ್ನಿಷಿಯನ್‌ಗಿಂತ ಚೆನ್ನಾಗಿ ಬರತ್ತೆ. ರೆಕಾರ್ಡ್ ಆದ್ಮೇಲೆ ನೀವು ಕಟ್, ಪೇಸ್ಟ್, ನಾಯ್ಸ್ ತೆಗೆಯೋದು ಎಲ್ಲಾ ಮಾಡಿದ್ರೆ ಮಾತ್ರ ಅಲ್ಲಲ್ಲಿ ಟೈಮ್ ಸಾಲು ತಪ್ಪಿರತ್ತೆ, ಅಂಥಾ ತುಂಡುಗಳನ್ನ ಕಿವಿಯಲ್ಲೇ ಹುಡುಕಿ ಸೇರಿಸ್ಬೇಕಾಗತ್ತೆ.

ಪ್ರಶ್ನೆ: ಪಿಕೆಎಫ್, ಎಸ್‌ಎಫ್‌ಕೆ, ಎಎಸ್‌ಡಿ, ರೀಪೀಕ್ಸ್, ಇವುಗಳಲ್ಲಿ ಯಾವುದನ್ನ ಎಂಪಿ3 ಮಾಡ್ಬೋದು?
(ಒಬ್ಬ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಯಾವುದೂ ಆಗಲ್ಲ. ಆಡಿಷನ್, ವೇಗಾಸ್, ಏಬಲ್‌ಟನ್, ರೀಪರ್ ಅನ್ನೋ ಸಾಫ್ಟ್‌ವೇರ್‌ಗಳು ತಮ್ಮ ತಮ್ಮ ಅಲೆಚಿತ್ರಕ್ಕೋ ಲೆಕ್ಕಾಚಾರಕ್ಕೋ ಬರೆದಿಟ್ಕೊಂಡಿದ್ದು ಅಷ್ಟೇ, ಎಲ್ಲಾ ಪಿಇಕೆಯ ಅಣ್ಣತಮ್ಮಂದಿರು. ಫೈಲ್ ಸೈಜೇ ಹೇಳಿಬಿಡತ್ತೆ, ಒಂದು ಗಂಟೆ ರೆಕಾರ್ಡಿಂಗಿಗೆ ಕೆಲವೇ ಎಂಬಿ ಇದ್ರೆ ಅದರೊಳಗೆ ಬಿಚ್ಚಿಟ್ಟ ದನಿ ಹಿಡಿಸೋ ಜಾಗನೇ ಇಲ್ಲ. ವೇಗಾಸ್ ಫೋಲ್ಡರಲ್ಲಿ ಎಸ್‌ಎಫ್‌ಎಪಿ0 ಅಂತ ದೊಡ್ಡ ಫೈಲ್ ಕಂಡ್ರೆ ಮಾತ್ರ ಅಳಿಸ್ಬೇಡಿ, ಅದು ಆಡಿಯೋ ಪ್ರಾಕ್ಸಿ, ಅಂದ್ರೆ ಮೂಲದ ಬದಲಿಗೆ ಮಾಡಿಟ್ಕೊಂಡ ಕಾಪಿ, ಅದರಲ್ಲಿ ದನಿ ಇದೆ. ಮೇಲೆ ಹೇಳಿದ ರಾ ಡೇಟಾ ದಾರಿಯಲ್ಲೇ ಪ್ರಯತ್ನ ಮಾಡಿ, ಎನ್‌ಕೋಡಿಂಗ್ 16 ಬಿಟ್‌ನಿಂದ ಶುರು ಮಾಡಿ ಬೇರೆ ಬೇರೆ ಹಾಕಿ ನೋಡಿ.

ಪ್ರಶ್ನೆ: ಸಿಎಫ್‌ಎ ಫೈಲ್ ಅಪ್‌ಲೋಡ್ ಮಾಡಿದ್ರೆ ಎಂಪಿ3 ಮಾಡಿಕೊಡ್ತೀವಿ ಅಂತ ಹೇಳೋ ಸೈಟ್‌ಗಳಿವೆಯಲ್ಲ, ನಂಬ್ಬೋದಾ? ಇಲ್ಲಿ ನಮ್ಮ ಕನ್ನಡ ಕೂಟದ ನಾಟಕದ ರೆಕಾರ್ಡಿಂಗ್ ಇದೆ.
(ಒಬ್ಬ ಓದುಗರು, ನ್ಯೂಜೆರ್ಸಿ)

ಉತ್ತರ: ನಾನಂತೂ ಕೊಡಲ್ಲ. ಒಂದು ಗಂಟೆಯ ಸಿಎಫ್‌ಎ 1.38 ಜಿಬಿ, ಅಷ್ಟು ಅಪ್‌ಲೋಡ್ ಮಾಡಿ, ಯಾರದ್ದೋ ಸರ್ವರಲ್ಲಿ ನಿಮ್ಮ ಕೂಟದವರ ದನಿ ಇಟ್ಟು, ಕೊನೆಗೆ ಒಂದು ಸೆಟಪ್ ಫೈಲ್ ಡೌನ್‌ಲೋಡ್ ಮಾಡಿ ಅಂತಂದ್ರೆ ಅದು ವೈರಸ್ ಇರೋಕೂ ಸಾಕು. ಫೈಲ್ ನಿಮ್ಮ ಕಂಪ್ಯೂಟರಲ್ಲೇ ಇದ್ದು ಆಡಾಸಿಟಿಯಲ್ಲಿ ಐದು ಆಯ್ಕೆ ಸರಿಯಾಗಿ ಕೊಟ್ರೆ ಮುಗಿಯೋ ಕೆಲಸಕ್ಕೆ ಹೊರಗೆ ಯಾಕೆ ಕಳಿಸ್ಬೇಕು. ನಿಮ್ಮ ಪತ್ರದಲ್ಲಿ ನಟರ ಕೂಗು ಬಂದ ಕಡೆ ಅಲೆ ಮೇಲಿನ ಗೆರೆ ದಾಟಿ ಹೋಗಿದೆ ಅಂತಿದೀರಲ್ಲ, 32 ಬಿಟ್ ಫ್ಲೋಟಲ್ಲಿ ಗೆರೆ ದಾಟಿದ್ದೂ ಉಳ್ದಿರತ್ತೆ, ಎಕ್ಸ್‌ಪೋರ್ಟ್ ಮಾಡೋಕೆ ಮುಂಚೆ ಆಂಪ್ಲಿಫೈಯಲ್ಲಿ ಐದಾರು ಡೆಸಿಬಲ್ ಇಳಿಸಿ ನೋಡಿ. ಅಲೆಯ ತುದಿ ದುಂಡಗೆ ಬಂದ್ರೆ ಬಚಾವ್, ಚಪ್ಪಟೆಯಾಗಿ ಕತ್ತರಿಸಿದ ಹಾಗೇ ಇದ್ರೆ ಅದು ಅವತ್ತು ಮೈಕಲ್ಲೇ ಒಡೆದ ದನಿ, ಅದನ್ನ ಕನ್ವರ್ಟ್ ಮಾಡಿ ಸರಿ ಮಾಡೋಕೆ ಬರಲ್ಲ.

ಪ್ರಶ್ನೆ: ಹೊಸ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡುವಾಗ ಕರೆಂಟ್ ಹೋಯ್ತು. ಎಯುಪಿ3 ಅನ್ನೋ ಪ್ರಾಜೆಕ್ಟ್ ಫೈಲ್ ಪಕ್ಕ ಅದೇ ಹೆಸರಿನ, ಕೊನೇಲಿ ಡಬ್ಲ್ಯೂಎಎಲ್ ಅಂತ ಇರೋ ಇನ್ನೊಂದು ಫೈಲ್ ಬಂದಿದೆ. ಟೆಂಪರರಿ ಫೈಲ್ ಅಂತ ಅಳಿಸ್ಲಾ?
(ಒಬ್ಬ ಓದುಗರು, ಕಲಬುರಗಿ)

ಉತ್ತರ: ಅಳಿಸ್ಬೇಡಿ. ಎಯುಪಿ3 ಒಳಗಡೆ ಇರೋದು ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್, ಹೊಸದಾಗಿ ಬಂದಿದ್ದನ್ನ ಅದು ಮೊದಲು ಆ ಪಕ್ಕದ ಫೈಲಲ್ಲಿ ಬರೆದು ಆಮೇಲೆ ಒಳಗೆ ಸೇರಿಸ್ಕೊಳ್ಳತ್ತೆ. ಕರೆಂಟ್ ಹೋಗೋಕೆ ಮುಂಚಿನ ನಿಮ್ಮ ರೆಕಾರ್ಡಿಂಗ್ ಇನ್ನೂ ಅದರಲ್ಲೇ ಇರೋ ಸಾಧ್ಯತೆ ಜಾಸ್ತಿ. ಎರಡೂ ಫೈಲನ್ನ, ಎಸ್‌ಎಚ್‌ಎಂ ಅಂತ ಮೂರನೇದಿದ್ರೆ ಅದನ್ನೂ, ಒಟ್ಟಿಗೆ ಕಾಪಿ ಮಾಡಿ. ಹೆಸರು ಬದಲಾಯಿಸ್ಬೇಡಿ, ಬೇರೆ ಬೇರೆ ಫೋಲ್ಡರಿಗೂ ಹಾಕ್ಬೇಡಿ. ಆಮೇಲೆ ಆಡಾಸಿಟಿ ಓಪನ್ ಮಾಡಿ, ರಿಕವರ್ ಮಾಡ್ಲಾ ಅಂತ ಅದೇ ಕೇಳತ್ತೆ, ಹೌದು ಅನ್ನಿ.